ಮಂಡಿಯವರಿಗೂ ಒಂದು ಎಡೆ

ಬಾಗಿಲು ಎಳೆದುಕೊಂಡೆ, ಟಕ್ ಅಂತ ಬೀಗ ಬಿತ್ತು. ಆ ಸದ್ದು ಕೇಳಿದ ಮೇಲೆ ನನ್ನ ಬುದ್ಧಿ ಎದ್ದು ಕೂತಿತು. ಕೀ ಒಳಗೆ. ಫೋನು ಒಳಗೆ. ಪರ್ಸು ಒಳಗೆ. ಎರಡು ಬಾಳೆ ಎಲೆಯ ತುಂಬ ಬಡಿಸಿಟ್ಟ ಎಡೆ, ಅದರ ಮುಂದೆ ಉರಿಯುತ್ತಿರುವ ದೀಪ, ಅವೂ ಒಳಗೆ. ಹೊರಗಿದ್ದದ್ದು ನಾನು ಮತ್ತು ನನ್ನ ಚಪ್ಪಲಿ.

ಅವತ್ತು ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ತೀರಿಕೊಂಡವರ ಫೋಟೋ ಮುಂದೆ ಎಲೆ ಹಾಕಿ, ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಆಮೇಲೆ ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ಬಂದು ನಿಲ್ಲಬೇಕು. ನಾವು ನೋಡುತ್ತಾ ನಿಂತರೆ ಅವರು ಉಣ್ಣುವುದಿಲ್ಲ. ಒಂದು ಸಲ ಎಲೆಯಡಿಕೆ ಜಗಿದು ಮುಗಿಸುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಬಾಗಿಲು ತೆಗೆಯುವುದು. ನಮ್ಮ ಅಜ್ಜಂದಿರು ಈ ಪದ್ಧತಿ ಮಾಡಿದಾಗ ಬಾಗಿಲಿಗೆ ಚಿಲಕ ಇತ್ತು. ಎಳೆದರೆ ತಾನಾಗಿ ಬೀಳುವ ಬೀಗ ಬರುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು.

ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಒಂದು ಸೀಟಿ ಊದಿದರೆ ಮೈದಾನದ ತುಂಬ ಇರುವ ಮಕ್ಕಳು ಗಪ್‌ಚಿಪ್. ಅಂಥವಳು ನನ್ನದೇ ಮನೆಯ ಮುಂದೆ ಪನಿಶ್‌ಮೆಂಟ್ ಸಿಕ್ಕಿದವಳ ಹಾಗೆ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. ಬಾಗಿಲಿಗೆ ಒಂದು ಒದೆ ಕೊಡೋಣ ಅನ್ನಿಸಿತು, ಆದರೆ ಒಳಗೆ ಅಮ್ಮ ಊಟ ಮಾಡುತ್ತಿದ್ದಾಳೆ ಅನ್ನುವ ಲೆಕ್ಕವಲ್ಲವೇ, ಸುಮ್ಮನಾದೆ.

ನನಗೆ ಕೀ ಇಟ್ಟುಕೊಳ್ಳುವ ಅಭ್ಯಾಸವೇ ಇಲ್ಲ, ಅದಕ್ಕೆ ಕಾರಣ ಅಮ್ಮ. ಅನ್ನಪೂರ್ಣೇಶ್ವರಿ ನಗರದ ಈ ಎರಡನೇ ಮಹಡಿ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ಲಿಫ್ಟ್ ಇಲ್ಲ. ನಾನು ಕುಂಟುತ್ತಿದ್ದೆ. ಎಡಗಾಲು ಮೆಟ್ಟಿಲ ಮೇಲೆ ಧಪ್ ಅಂತ ಊರಿ, ಬಲಗಾಲನ್ನು ಸರ್ ಅಂತ ಎಳೆದುಕೊಂಡು ಅದೇ ಮೆಟ್ಟಿಲಿಗೆ ತರುತ್ತಿದ್ದೆ. ಧಪ್, ಸರ್. ಧಪ್, ಸರ್. ಈ ಸದ್ದು ಮೊದಲನೇ ಮಹಡಿಗೆ ಬರುವಷ್ಟರಲ್ಲಿ ಅಮ್ಮನಿಗೆ ಗೊತ್ತಾಗುತ್ತಿತ್ತು. ನಾನು ಮೇಲೆ ತಲುಪಿದಾಗ ಬಾಗಿಲು ತೆರೆದಿರುತ್ತಿತ್ತು, ಬಾಗಿಲಲ್ಲಿ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿರುತ್ತಿದ್ದಳು. ಅವಳು ಬದುಕಿರುವವರೆಗೆ ನಾನು ಆ ಬಾಗಿಲು ತಟ್ಟಿದವಳಲ್ಲ, ಬೆಲ್ ಒತ್ತಿದವಳಲ್ಲ. ಅವಳು ಹೋಗಿ ಎರಡು ವರ್ಷವಾದರೂ ಕೀ ತೆಗೆದುಕೊಳ್ಳಬೇಕು ಅನ್ನುವುದು ನನಗೆ ದಿನಾ ಹೊಸದಾಗಿ ನೆನಪಾಗಬೇಕು. ಅವತ್ತು ನೆನಪಾಗಲಿಲ್ಲ.

ಮಂಡಿಯ ಕತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎರಡನೇ ಎಲೆ ಯಾರದು ಅನ್ನುವುದು ತಿಳಿಯುವುದಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಖೋಖೋ ಆಡುವಾಗ, ಕಂಬ ಹಿಡಿದು ತಿರುಗುವ ಹೊತ್ತಿಗೆ ನನ್ನ ಪಾದ ಮಣ್ಣಿನಲ್ಲಿ ಸಿಕ್ಕಿಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಮೆತ್ತನೆಯ ಪಟ್ಟಿಯೊಂದಿರುತ್ತದೆ, ಮೆನಿಸ್ಕಸ್ ಅನ್ನುತ್ತಾರೆ. ಅದು ಹರಿಯಿತು. ಆಗಿನ ಡಾಕ್ಟರು ಹರಿದದ್ದನ್ನು ಹೊಲಿಯುವ ಗೋಜಿಗೆ ಹೋಗದೆ ಪೂರ್ತಿ ಕತ್ತರಿಸಿ ತೆಗೆದರು. ಅಲ್ಲಿಂದ ಇಪ್ಪತ್ತು ವರ್ಷ ಮೂಳೆಗೆ ಮೂಳೆ ತಿಕ್ಕಿತು. ನಮ್ಮೂರು ಹೆಗ್ಗನಹಳ್ಳಿ. ಅಲ್ಲಿ ನನಗೆ 'ಕುಂಟ್ ಕುಸುಮಿ' ಅಂತಲೇ ಹೆಸರು. ನೋಡಲು ಬಂದ ಗಂಡುಗಳು ನನ್ನ ನಡಿಗೆ ನೋಡಿ, ಕಾಫಿ ಕುಡಿದು, ಹೇಳಿ ಕಳಿಸ್ತೀವಿ ಅಂದು ಹೋದರು. ಹೋಗಲಿ, ಕಾಫಿಪುಡಿ ದಂಡ.

ಅಮ್ಮ ಅಣ್ಣನ ಮನೆ ಬಿಟ್ಟು ನನ್ನ ಜೊತೆ ಇದ್ದದ್ದೂ ಅದಕ್ಕೇ. "ನಾನು ಸತ್ತ ಮೇಲೆ ನೀನು ಈ ಮೆಟ್ಟಿಲು ಹೆಂಗೆ ಹತ್ತೀಯೇ?" ಎಂದು ದಿನಕ್ಕೊಂದು ಸಲ ಕೇಳುತ್ತಿದ್ದಳು. ಸತ್ತ ಮೇಲೆ ಆ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸಿ ಡಾಕ್ಟರ್ ಲಕ್ಷ್ಮೀಪತಿ ಅವರ ಹತ್ತಿರ ಹೋದೆ. ಅವರು ನನ್ನ ಎಕ್ಸ್‌ರೇ ನೋಡಿ, ನಲ್ಲಿಗೆ ವಾಷರ್ ಹೋದ ಹಾಗೆ ಆಗಿದೆ ಅಂದರು. ತೀರಿಕೊಂಡವರು ದಾನ ಮಾಡಿದ ಮೆನಿಸ್ಕಸ್ ಇರುತ್ತದೆ, ನಿಮ್ಮ ಅಳತೆಗೆ ಹೊಂದುವುದು ಸಿಕ್ಕರೆ ಕೂರಿಸಬಹುದು ಅಂದರು.

"ಒಂದು ಮಾತು ಮೊದಲೇ ಹೇಳ್ತೀನಮ್ಮಾ. ಇದು ಹೊಸ ಮಂಡಿ ಅಲ್ಲ. ನೋವು ಕಡಿಮೆ ಆಗುತ್ತೆ, ನಡೀಬಹುದು, ಮೆಟ್ಟಿಲು ಹತ್ತಬಹುದು. ಮತ್ತೆ ಖೋಖೋ ಆಡ್ತೀನಿ ಅಂದ್ರೆ ನಾನು ಒಪ್ಪಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಹತ್ತು ವರ್ಷ ಬರಬಹುದು. ಕೆಲವರಿಗೆ ಇನ್ನೂ ಜಾಸ್ತಿ, ಕೆಲವರಿಗೆ ಅಷ್ಟೂ ಇಲ್ಲ."

"ಹತ್ತು ವರ್ಷಕ್ಕೆ ಗಂಡನ ಬಗ್ಗೆನೂ ಯಾರೂ ಗ್ಯಾರಂಟಿ ಕೊಡಲ್ಲ ಸಾರ್, ಮಾಡಿ" ಅಂದೆ.

ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು. ಕಾಲು ನೆಲಕ್ಕೆ ಊರುವಂತಿಲ್ಲ, ಬೆಲ್ಟು, ಊರುಗೋಲು. ಅತ್ತಿಗೆ ಲಕ್ಷ್ಮಿ ಒಂದೆರಡು ಸಲ ಡಬ್ಬಿಯಲ್ಲಿ ಸಾರು ತಂದುಕೊಟ್ಟರು, ಬಾಗಿಲು ತೆಗೆಯಲು ನಾನು ಏಳುವುದು ಬೇಡ ಎಂದು ಒಂದು ಕೀ ಕೊಂಡೊಯ್ದರು. ಆಮೇಲೆ ಅವರಿಗೂ ಅವರ ಮನೆ ಇತ್ತು. ಮಿಕ್ಕಂತೆ ನಾನು ಮತ್ತು ಗೋಡೆ. ಗೋಡೆ ಮಾತಾಡದಿದ್ದಾಗ ನಾನು ಮಂಡಿಯ ಜೊತೆ ಮಾತಾಡುತ್ತಿದ್ದೆ. ನನ್ನ ಮಂಡಿಯ ಜೊತೆ ಅಲ್ಲ, ಅದರೊಳಗೆ ಇದ್ದವರ ಜೊತೆ. ಹೆಸರು ಗೊತ್ತಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. 'ಮಂಡಿಯವರು' ಅಂತ ಕರೆದೆ. ಏನ್ರೀ ಮಂಡಿಯವರೇ, ಇವತ್ತು ಎಷ್ಟು ಬಗ್ತೀರಿ? ನಿಮಗೂ ಉಪ್ಪಿಟ್ಟು ಬೇಜಾರಾಯ್ತಾ? ಹೀಗೆ. ಯಾರಾದರೂ ಕೇಳಿಸಿಕೊಂಡಿದ್ದರೆ ನಿಮ್ಹಾನ್ಸಿಗೆ ಸೇರಿಸುತ್ತಿದ್ದರು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ನೋವು ನಿಜವಾಗಿಯೂ ಹೋಯಿತು. ತಮಾಷೆ ಏನೆಂದರೆ, ಕುಂಟುವುದು ಹೋಗಲಿಲ್ಲ. ಫಿಸಿಯೋಥೆರಪಿಸ್ಟ್ ರಮ್ಯ, ಕಡ್ಡಿಯಂಥ ಹುಡುಗಿ, ಹುಲಿಯಂಥ ಬಾಯಿ, ನನ್ನನ್ನು ಕನ್ನಡಿಯ ಮುಂದೆ ನಡೆಸಿ ನೋಡಿದಳು.

"ಮೇಡಂ, ಮಂಡಿ ಸರಿ ಇದೆ. ಕುಂಟ್ತಾ ಇರೋದು ನಿಮ್ಮ ತಲೆ."

"ತಲೆಗೆ ಎಕ್ಸರ್‌ಸೈಜ್ ಇದ್ಯೇನಮ್ಮಾ?"

"ಇದೆ. ಕುಂಟಿದಾಗೆಲ್ಲ ವಾಪಸ್ ಹೋಗಿ ಮೊದಲಿಂದ ನಡೀಬೇಕು. ಮನೇಲೂ ಅಷ್ಟೇ. ಬೇಕು ಅಂತ ಒಂದು ಹೆಜ್ಜೆನೂ ಕುಂಟಬೇಡಿ, ಹಳೇದು ಮತ್ತೆ ಅಂಟ್ಕೊಳ್ಳುತ್ತೆ."

ಬೇಸಿಗೆ ಪೂರ್ತಿ ಕನ್ನಡಿಯ ಮುಂದೆ ನಡೆದೆ. ಹಿಮ್ಮಡಿ, ಅಂಗಾಲು, ಬೆರಳು. ಆಷಾಢ ಮುಗಿಯುವಷ್ಟರಲ್ಲಿ ನನ್ನ ನಡಿಗೆ ಎಲ್ಲರ ನಡಿಗೆಯ ಹಾಗೆ ಆಯಿತು. ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ನನ್ನನ್ನು ಹಿಂದಿನಿಂದ ನೋಡಿ ಯಾರೋ ಪೇರೆಂಟ್ ಎಂದುಕೊಂಡರಂತೆ. ಅವತ್ತು ರಾತ್ರಿ ಊಟಕ್ಕೆ ಪಾಯಸ ಮಾಡಿಕೊಂಡೆ, ಒಂದು ಲೋಟ ಕುಡಿದು ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟೆ.

ಪಿತೃಪಕ್ಷ ಬಂತು. ಅಣ್ಣ ತಿಮ್ಮಯ್ಯ ಫೋನ್ ಮಾಡಿದ. ನಮ್ಮಣ್ಣ ಒಳ್ಳೆಯವನೇ, ಆದರೆ ಅವನ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ಕುಸುಮಾ, ಎಡೆ ವಿಚಾರ. ಈ ಸಲ ನೀನು... ಕಾಲು ಬೇರೆ ಹಂಗೈತೆ... ರೆಸ್ಟ್ ಮಾಡು."

"ಕಾಲು ಚೆನ್ನಾಗಿದೆ ಕಣಣ್ಣಾ. ಬರ್ತೀನಿ. ಅಮ್ಮನಿಗೆ ನಾನೇ ಬಡಿಸ್ಬೇಕು."

"ಅದಲ್ಲ... ದೊಡ್ಡಮ್ಮ ಏನೋ ಅಂತಾವ್ರೆ."

ದೊಡ್ಡಮ್ಮ ಅಂದರೆ ಅಪ್ಪನ ಅತ್ತಿಗೆ ಮುನಿಲಕ್ಷ್ಮಮ್ಮ, ಮನೆಗೆಲ್ಲ ಹಿರಿಯಳು. ಕಣ್ಣಿಗೆ ಪೊರೆ ಬಂದು ಏನೂ ಕಾಣುವುದಿಲ್ಲ, ಆದರೂ ಅವಳಿಗೆ ತಿಳಿಯದೆ ಹೆಗ್ಗನಹಳ್ಳಿಯಲ್ಲಿ ಹಾಲು ಉಕ್ಕುವುದಿಲ್ಲ. ಅವಳು ಅಂದದ್ದೇನು ಅನ್ನುವುದನ್ನು ಅಣ್ಣನ ಬಾಯಿಂದ ಬಿಡಿಸಬೇಕಾದರೆ ಹಲಸಿನ ಹಣ್ಣು ಬಿಡಿಸಿದಷ್ಟು ಕಷ್ಟವಾಯಿತು. ನನ್ನ ಮೈಯೊಳಗೆ ಯಾರದೋ ಸತ್ತವರ ಭಾಗ ಇದೆ. ಅವರು ಬೇರೆ ಮನೆತನದವರು. ಅವರನ್ನು ಕರೆದುಕೊಂಡು ನಾನು ನಮ್ಮ ಹಿರೀಕರ ಎಡೆಯ ಮುಂದೆ ಬಂದರೆ ನಮ್ಮವರು ಎಲೆ ಮುಟ್ಟದೆ ಎದ್ದು ಹೋಗುತ್ತಾರೆ.

"ನೀನೇನಂದೆ?"

"ನಾನೇನ್ ಅನ್ನಲಿ? ಒಂದ್ ವರ್ಷ ತಾನೇ. ಬೇಡ ಬಿಡು."

ಫೋನ್ ಇಟ್ಟೆ. ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಕುಕ್ಕರ್ ಮೂರು ಕೂಗು ಕೂಗಿ ಸುಮ್ಮನಾದರೂ ನಾನು ಅಳುತ್ತಲೇ ಇದ್ದೆ. ಅಮ್ಮನಿಗೆ ಏನು ಇಷ್ಟ ಅನ್ನುವುದು ಆ ಮನೆಯಲ್ಲಿ ಯಾರಿಗೆ ಗೊತ್ತು? ಅಪ್ಪನಿಗೆ ಇಟ್ಟದ್ದನ್ನೇ ಅವಳಿಗೂ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮಮ್ಮನಿಗೆ ಬೇಕರಿಯ ದಿಲ್‌ಪಸಂದ್ ಅಂದರೆ ಪ್ರಾಣ. ಊಟವಾದ ಮೇಲೆ ಎಲೆಯಡಿಕೆಗೆ ಒಂದು ಚಿಟಿಕೆ ಕಡ್ಡಿಪುಡಿ ಬೇಕು. ಹೊಗೆಸೊಪ್ಪು ಹಾಕುತ್ತಾಳೆ ಅಂತ ಮಗನಿಗೆ ಗೊತ್ತಾಗಬಾರದು ಎಂದು ಅದನ್ನು ಕುಂಕುಮದ ಭರಣಿಯಲ್ಲಿ ಬಚ್ಚಿಡುತ್ತಿದ್ದಳು. ಇದನ್ನೆಲ್ಲ ಬಲ್ಲವಳನ್ನು ಬರಬೇಡ ಅಂದರು. ಸರಿ ಹಾಗಾದರೆ, ನಾನು ನನ್ನ ಮನೆಯಲ್ಲೇ ಇಡುತ್ತೇನೆ ಎಂದು ನಿರ್ಧಾರ ಮಾಡಿದೆ. ಅಮ್ಮ ಎಲ್ಲಿಗೆ ಬರುತ್ತಾಳೆ ಅನ್ನುವುದನ್ನು ಅಮ್ಮನೇ ತೀರ್ಮಾನ ಮಾಡಲಿ.

ಅಮ್ಮನಿಗೆ ಇಡುವಾಗ ಮಂಡಿಯವರನ್ನು ಬಿಡುವುದು ಹೇಗೆ? ಎಂಟು ತಿಂಗಳು ಒಟ್ಟಿಗೆ ಇದ್ದವರು. ಅವರ ಮನೆಯಲ್ಲಿ ಅವರಿಗೂ ಏನೋ ಮಾಡುತ್ತಾರೆ, ಸರಿ. ಆದರೆ ಅವರ ಒಂದು ಚೂರು ಇಲ್ಲಿ ಅನ್ನಪೂರ್ಣೇಶ್ವರಿ ನಗರದಲ್ಲಿದೆ ಅನ್ನುವುದು ಅವರ ಮನೆಯವರಿಗೆ ಗೊತ್ತಿಲ್ಲವಲ್ಲ. ಚೆಕಪ್ಪಿಗೆ ಹೋದಾಗ ಡಾಕ್ಟರನ್ನು ಕೇಳಿದೆ.

"ಸಾರ್, ಅವರು ಮಾಂಸ ತಿಂತಿದ್ರಾ?"

ಡಾಕ್ಟರು ಕನ್ನಡಕ ತೆಗೆದರು. "ಯಾರು?"

"ನನ್ನ ಮಂಡೀಲಿ ಇರೋರು."

ಅವರು ನಗಲಿಲ್ಲ, ಅದು ಅವರ ದೊಡ್ಡತನ. "ನನಗೆ ಗೊತ್ತಿಲ್ಲಮ್ಮಾ. ಗೊತ್ತಿದ್ರೂ ಹೇಳೋ ಹಾಗಿಲ್ಲ" ಅಂದರು.

ಹೀಗಾಗಿ ಅಮಾವಾಸ್ಯೆಯ ದಿನ ಬೆಳಿಗ್ಗೆ ಕೋಳಿ ಅಂಗಡಿಯ ಮುಂದೆ ಇಡೀ ಬಡಾವಣೆಯ ಜೊತೆ ಸಾಲಿನಲ್ಲಿ ನಿಂತು ನಾಟಿ ಕೋಳಿ ತಂದೆ. ಅಮ್ಮನ ಎಲೆಗೆ ಮುದ್ದೆ, ಕೋಳಿ ಸಾರು, ಅನ್ನ, ಒಬ್ಬಟ್ಟು, ದಿಲ್‌ಪಸಂದ್, ಎಲೆಯಡಿಕೆ, ಕುಂಕುಮದ ಭರಣಿ. ಮಂಡಿಯವರ ಎಲೆಗೆ ಅನ್ನ, ಬೇಳೆ ಸಾರು, ಪಲ್ಯ, ಒಬ್ಬಟ್ಟು. ಕೋಳಿ ಸಾರನ್ನು ಒಂದು ಸ್ಟೀಲ್ ಬಟ್ಟಲಿಗೆ ಹಾಕಿ, ಎಲೆಗೆ ತಾಗದಂತೆ ದೂರ ಇಟ್ಟೆ. ಬೇಕಿದ್ದರೆ ತೆಗೆದುಕೊಳ್ಳಲಿ, ಬೇಡದಿದ್ದರೆ ಬಿಡಲಿ. ಅಮ್ಮನ ಫೋಟೋ ಇತ್ತು. ಇವರ ಫೋಟೋ ಎಲ್ಲಿಂದ ತರಲಿ, ಆ ಜಾಗದಲ್ಲಿ ಒಂದು ಸೇವಂತಿಗೆ ಇಟ್ಟೆ. ದೀಪ ಹಚ್ಚಿದೆ, ಹೊಗೆ ಹಾಕಿದೆ, ಕೈ ಮುಗಿದೆ, ಹೊರಗೆ ಬಂದೆ, ಬಾಗಿಲು ಎಳೆದುಕೊಂಡೆ. ಟಕ್.

ಎದುರು ಮನೆಯ ಇಂಚರಾ ಬಾಗಿಲು ತೆಗೆದಳು. ಈ ವರ್ಷ ಬಂದ ಹುಡುಗಿ. ನಾನು ಅವಳಿಗೆ ಆಂಟಿ. ನನಗಿನ್ನೂ ನಲವತ್ತು ತುಂಬಿಲ್ಲ, ಆದರೆ ಅದನ್ನು ಚರ್ಚೆ ಮಾಡುವ ಸಮಯ ಅದಲ್ಲ.

"ಏನಾಯ್ತು ಆಂಟಿ? ಲಾಕ್ ಆಯ್ತಾ? ಒಳಗೆ ಯಾರಿದ್ದಾರೆ?"

ಯಾರೂ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಊಟ ಮಾಡ್ತಾ ಇದಾರೆ" ಅಂದುಬಿಟ್ಟೆ. ಅವಳು ನನ್ನನ್ನೂ ಬಾಗಿಲನ್ನೂ ನೋಡಿದಳು. ಆಮೇಲೆ ವಿವರಿಸಿದೆ. ಪಾಪ, ತಕ್ಷಣ ಫೋನ್ ಕೈಗೆ ಕೊಟ್ಟಳು. "ಯಾರಿಗಾದ್ರೂ ಮಾಡಿ ಆಂಟಿ, ಇನ್ನೊಂದು ಕೀ ಇರೋರಿಗೆ."

ಇನ್ನೊಂದು ಕೀ ಅಣ್ಣನ ಮನೆಯಲ್ಲಿತ್ತು. ಫೋನ್ ಹಿಡಿದು ನಿಂತೆ. ಅಣ್ಣನ ನಂಬರ್ ಒಂಬತ್ತರಿಂದ ಶುರುವಾಗುತ್ತದೆ ಅನ್ನುವುದು ಬಿಟ್ಟರೆ ಏನೂ ನೆನಪಿಲ್ಲ. ನನಗೆ ಬಾಯಿಪಾಠ ಇರುವುದು ಒಂದೇ ನಂಬರ್, ಅಮ್ಮನದು. ಫೋನನ್ನು ವಾಪಸ್ ಕೊಟ್ಟೆ.

ಕೀ ಮಾಡುವವನನ್ನು ಕರೆಯೋಣ ಅಂದಳು, ಅವನು ಹಬ್ಬ, ಸಾಯಂಕಾಲ ಬರ್ತೀನಿ ಅಂದನಂತೆ. ಒಳಗೆ ದೀಪ ಉರಿಯುತ್ತಿದೆ, ಪಕ್ಕದಲ್ಲೇ ಬಟ್ಟೆಯ ಪರದೆ. ಸಾಯಂಕಾಲದವರೆಗೆ ಕಾಯುವುದು ಹೇಗೆ? ಆಟೋ ಬುಕ್ ಮಾಡ್ತೀನಿ ಆಂಟಿ ಅಂದಳು. ಬೇಡ ಅಂದೆ. ಆ ಹುಡುಗಿಯ ಮೇಲೆ ನನಗೇನೂ ಕೋಪವಿಲ್ಲ. ಬೇಡ ಅಂದದ್ದಕ್ಕೆ ಕಾರಣ ಬೇರೆ ಇತ್ತು. ಹೆಗ್ಗನಹಳ್ಳಿಗೆ ನಡೆದೇ ಹೋಗಬೇಕು ಅನ್ನಿಸಿಬಿಟ್ಟಿತು. ಇಪ್ಪತ್ತು ವರ್ಷ ಕುಂಟ್ ಕುಸುಮಿ ಅಂದವರ ಮುಂದೆ, ಬರಬೇಡ ಅಂದವರ ಮುಂದೆ, ನೆಟ್ಟಗೆ ನಡೆದುಕೊಂಡು ಹೋಗಿ ಕೀ ಕೇಳಬೇಕು. ದೀಪ ಉರಿಯುತ್ತಿರುವಾಗ ಇದೆಂಥ ಹಟ ಅಂತ ನೀವು ಕೇಳಬಹುದು. ಕೋಪ ಬಂದಾಗ ನನಗೆ ಲೆಕ್ಕ ಬರುವುದಿಲ್ಲ.

ಮಾಗಡಿ ರಸ್ತೆಗೆ ಬಂದು ಸುಂಕದಕಟ್ಟೆಯ ಕಡೆಗೆ ಹೊರಟೆ. ಬಸ್ಸುಗಳು ಪಕ್ಕದಲ್ಲೇ ಹೋಗುತ್ತಿದ್ದವು. ಹೆಂಗಸರಿಗೆ ಫ್ರೀ, ಆದರೆ ಆಧಾರ್ ಕಾರ್ಡ್ ಎಡೆಯ ಹತ್ತಿರ ಇತ್ತು. ನಡೆದೆ. ಹಿಮ್ಮಡಿ, ಅಂಗಾಲು, ಬೆರಳು. ಆಪರೇಷನ್ ಆದ ಮೇಲೆ ಅಷ್ಟು ದೂರ ಒಂದೇ ಸಮನೆ ನಡೆದದ್ದು ಅದೇ ಮೊದಲು. ಫುಟ್‌ಪಾತ್ ಇದ್ದಲ್ಲಿ ಗಾಡಿ ನಿಲ್ಲಿಸಿದ್ದರು, ಗಾಡಿ ಇಲ್ಲದಲ್ಲಿ ಫುಟ್‌ಪಾತೇ ಇರಲಿಲ್ಲ. ಮನೆಮನೆಯಿಂದ ಮಸಾಲೆಯ ವಾಸನೆ, ಸಾಂಬ್ರಾಣಿಯ ವಾಸನೆ. ಅಲ್ಲಲ್ಲಿ ಮುಚ್ಚಿದ ಬಾಗಿಲ ಮುಂದೆ ಮನೆಯವರೆಲ್ಲ ಗುಂಪಾಗಿ ನಿಂತು, ಮೆಲ್ಲಗೆ ಮಾತಾಡುತ್ತಾ ಕಾಯುತ್ತಿದ್ದರು. ಒಬ್ಬಳೇ ಕಾಯುತ್ತಿದ್ದವರು ಯಾರೂ ಕಾಣಲಿಲ್ಲ.

ಮಂಡಿ ಕಮಕ್ ಕಿಮಕ್ ಅನ್ನಲಿಲ್ಲ. ಶಹಬ್ಬಾಸ್ ಮಂಡಿಯವರೇ, ಅಂದೆ. ಊಟದ ಹೊತ್ತಿನಲ್ಲಿ ನಿಮ್ಮನ್ನು ಎಬ್ಬಿಸಿಕೊಂಡು ಬಂದೆ, ಕ್ಷಮಿಸಿ ಅಂತಲೂ ಅಂದೆ. ಹಾಗೆ ಅಂದ ಮೇಲೆ ಒಂದು ಯೋಚನೆ ಬಂತು. ಇವರು ನನ್ನ ಜೊತೆ ನಡೆದು ಬರುತ್ತಿದ್ದಾರೆ ಅಂದರೆ, ಮನೆಯಲ್ಲಿ ಈಗ ಅಮ್ಮ ಒಬ್ಬಳೇ ಕೂತು ಉಣ್ಣುತ್ತಿದ್ದಾಳೆ. ಅದೂ ಅವಳು ಬಂದಿದ್ದರೆ.

ಹೆಗ್ಗನಹಳ್ಳಿಯ ನಮ್ಮ ಹಳೇ ಮನೆಯ ಸುತ್ತ ಈಗ ಬಾಡಿಗೆ ಮನೆಗಳು. ನಡುವೆ ಒಂದು ಅಂಗಳ ಉಳಿದಿದೆ. ಗೇಟು ತೆಗೆದು ಒಳಗೆ ಬಂದಾಗ ಎಲ್ಲರೂ ಅಂಗಳದಲ್ಲೇ ಇದ್ದರು. ಅಣ್ಣ, ಅತ್ತಿಗೆ, ಅವರ ಮಕ್ಕಳು, ಚಿಕ್ಕಪ್ಪನ ಮನೆಯವರು. ಅವರೂ ಎಡೆ ಇಟ್ಟು ಬಾಗಿಲು ಮುಚ್ಚಿಕೊಂಡು ಹೊರಗೆ ನಿಂತಿದ್ದರು. ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು.

ಗೇಟಿನಿಂದ ಅವರವರೆಗೆ ನೆಟ್ಟಗೆ ನಡೆದೆ. ಅಷ್ಟು ಚೆನ್ನಾಗಿ ನಾನು ರಮ್ಯಳ ಕನ್ನಡಿಯ ಮುಂದೆಯೂ ನಡೆದಿರಲಿಲ್ಲ. ಯಾರೂ ಅದನ್ನು ನೋಡಲಿಲ್ಲ. ಅವರು ನೋಡಿದ್ದು ನನ್ನ ಮುಖವನ್ನು, ಜಗಳಕ್ಕೆ ಬಂದಳೇನೋ ಎಂದು.

"ಕುಸುಮಾ, ಬರಬೇಡ ಅಂದಿದ್ನಲ್ಲ" ಅಂದ ಅಣ್ಣ.

"ಒಳಗೆ ಬರಲ್ಲ. ನನ್ನ ಮನೆ ಕೀ ಕೊಡು. ಬಾಗಿಲು ಲಾಕ್ ಆಗಿದೆ."

ದೊಡ್ಡಮ್ಮ ತಲೆ ಎತ್ತಿದಳು. "ಯಾರಪ್ಪ ಅದು ಬಂದಿದ್ದು?"

"ನಮ್ಮ ಕುಸುಮ ದೊಡ್ಡಮ್ಮ" ಅಂದರು ಅತ್ತಿಗೆ.

"ಅವಳಲ್ಲ. ಅವಳ ಹೆಜ್ಜೆ ನಂಗೊತ್ತಿಲ್ವಾ? ಗೇಟಿಂದ ಬಂದಿದ್ದು ಯಾರೋ ಬೇರೆಯೋರು."

"ನಾನೇ ದೊಡ್ಡಮ್ಮಾ" ಅಂದೆ.

ಅವಳು ಕೈ ಚಾಚಿದಳು. ಹತ್ತಿರ ಹೋದೆ. ಸೀರೆಯ ಮೇಲೆಯೇ ನನ್ನ ಬಲ ಮಂಡಿಯನ್ನು ಹುಡುಕಿ, ಅಂಗೈಯನ್ನು ಅದರ ಮೇಲಿಟ್ಟಳು. ಅವಳ ಕೈ ಬೆಚ್ಚಗಿತ್ತು. ನನ್ನನ್ನು ಯಾರಾದರೂ ಹಾಗೆ ಮುಟ್ಟಿ ಎಷ್ಟು ದಿನವಾಗಿತ್ತೋ. ರಮ್ಯ ಮುಟ್ಟುತ್ತಾಳೆ, ಅದು ಡ್ಯೂಟಿ.

"ನೋಯ್ತದಾ?"

"ಇಲ್ಲ."

"ಒಂಚೂರೂ?"

"ಇಲ್ಲ ದೊಡ್ಡಮ್ಮಾ."

"ಒಳ್ಳೇದಾಯ್ತು ಬಿಡು." ಮಂಡಿಯನ್ನು ಒಂದು ಸಲ ಸವರಿದಳು. "ನನ್ ಮೇಲೆ ಬೇಜಾರು ಮಾಡ್ಕಬೇಡ ಕಣವ್ವ. ಎರಡು ಮನೆ ಹಿರೀಕರು ಒಂದೇ ಸಾಲಲ್ಲಿ ಕೂರಲ್ಲ. ನಮ್ಮತ್ತೆ ಹೇಳ್ತಿದ್ರು. ನಂಗೆ ಗೊತ್ತಿರೋದು ಅಷ್ಟೇ. ಅವರಿಗೆ ಎಡೆ ಇಟ್ಯಾ?"

ಅದನ್ನು ಅವಳು ಕೇಳುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. "ಇಟ್ಟೆ" ಅಂದೆ.

"ಹೆಸರು ಹಿಡಿದು ಕರೆದ್ಯಾ?"

"ಹೆಸರು ಗೊತ್ತಿಲ್ಲ."

"ಹೆಸರಿಲ್ದೆ ಕರೆದ್ರೆ ಯಾರು ಬತ್ತಾರೆ?"

"ಖೋಖೋದಲ್ಲಿ ನಾವು ಹೆಸರು ಕರೀತಿರಲಿಲ್ಲ ದೊಡ್ಡಮ್ಮಾ. ಬೆನ್ನು ಮುಟ್ಟಿ ಖೋ ಅಂದ್ರೆ ಸಾಕು, ಎದ್ದು ಓಡ್ತಿದ್ರು."

ಅವಳು ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು. "ಬಾಯಿ ಮಾತ್ರ ಹಳೇದೇ ಐತೆ. ಬಾಯಿಂದ ಗುರ್ತು ಸಿಕ್ತು ನೋಡು. ಹೆಜ್ಜೆಯಿಂದ ಸಿಗಲೇ ಇಲ್ಲ."

ಆ ಮಾತು ಅಲ್ಲೇ ನನ್ನನ್ನು ಹಿಡಿದು ನಿಲ್ಲಿಸಿತು. ಅಮ್ಮನೂ ನನ್ನನ್ನು ಹೆಜ್ಜೆಯಿಂದಲೇ ಗುರುತು ಹಿಡಿಯುತ್ತಿದ್ದಳು. ಧಪ್, ಸರ್. ಆ ಹೆಜ್ಜೆಯನ್ನು ಬೇಸಿಗೆ ಪೂರ್ತಿ ಕಷ್ಟಪಟ್ಟು ನಾನೇ ಅಳಿಸಿ ಹಾಕಿದ್ದೆ. ಇವತ್ತು ಬೆಳಿಗ್ಗೆ ಕೋಳಿ ತಂದು ಮೆಟ್ಟಿಲು ಹತ್ತಿದಾಗ, ಅಮ್ಮ ಬಂದು ಕೂತಿದ್ದರೂ, ಯಾರೋ ಬೇರೆಯವರು ಬಂದರು ಎಂದುಕೊಂಡಿರಬೇಕು. ಯಾರದೋ ಮನೆಗೆ ಬಂದುಬಿಟ್ಟೆ ಎಂದು ಎದ್ದು ಹೋಗಿರಬೇಕು. ಇಷ್ಟು ವರ್ಷ ಈ ಕುಂಟನ್ನು ಶಪಿಸಿದ್ದೇನೆ, ಅದು ಬೇಕು ಅನ್ನಿಸಿದ್ದು ಅವತ್ತೇ.

"ಅಣ್ಣಾ, ಅಮ್ಮನಿಗೆ ಏನಿಟ್ರಿ?"

"ಅಪ್ಪಂಗೆ ಇಟ್ಟಿದ್ದೇ. ಮುದ್ದೆ, ಮಟನ್, ಬಾಳೆಹಣ್ಣು. ಯಾಕೆ?"

"ಏನಿಲ್ಲ."

ಹೊತ್ತಾಯಿತು ಎಂದು ಯಾರೋ ಅಂದರು. ಮನೆಯ ಹಿರಿಯ ಮಗ ಬಾಗಿಲು ತೆಗೆಯಬೇಕು. ಅಣ್ಣ ಮೂರು ಸಲ ಕೆಮ್ಮಿ ಬಾಗಿಲು ತೆಗೆದ. ಒಬ್ಬೊಬ್ಬರಾಗಿ ಒಳಗೆ ಹೋದರು. ದೊಡ್ಡಮ್ಮನನ್ನು ಮೊಮ್ಮಗಳು ಕೈ ಹಿಡಿದು ಎಬ್ಬಿಸಿದಳು. ಹೊಸ್ತಿಲ ಹತ್ತಿರ ದೊಡ್ಡಮ್ಮ ನಿಂತು ನಾನಿದ್ದ ಕಡೆಗೆ ತಿರುಗಿದಳು, ಆಮೇಲೆ ಒಳಗೆ ಹೋದಳು. ಅಂಗಳದಲ್ಲಿ ಅವಳ ಖಾಲಿ ಕುರ್ಚಿ, ನಾನು. ಒಳಗಿನಿಂದ ಅಮ್ಮನ ಫೋಟೋದ ಒಂದು ಮೂಲೆ ಕಾಣುತ್ತಿತ್ತು, ಅದೂ ಅಣ್ಣನ ಬೆನ್ನಿನ ಹಿಂದೆ ಮರೆಯಾಯಿತು.

ಅತ್ತಿಗೆ ಕೀ ತಂದುಕೊಟ್ಟರು. "ಊಟ ಡಬ್ಬಿಗೆ ಹಾಕಿ ಕೊಡ್ತೀನಿ, ಒಂದ್ ನಿಮಿಷ ಇರಮ್ಮಾ" ಅಂದರು. ದೀಪ ಉರಿಯುತ್ತಾ ಇದೆ ಅತ್ತಿಗೆ ಅಂದೆ. ಅವರೇ ರಸ್ತೆಯವರೆಗೆ ಬಂದು ಆಟೋ ನಿಲ್ಲಿಸಿ, ಡ್ರೈವರ್ ಕೈಗೆ ದುಡ್ಡು ಕೊಟ್ಟು ಹತ್ತಿಸಿದರು. ಆಟೋ ಹೊರಡುವಾಗ, "ನಡಿಗೆ ಚೆನ್ನಾಗಾಗಿದೆ ಕುಸುಮಾ" ಅಂದರು. ಅದನ್ನು ಕೇಳಲೆಂದೇ ಅಲ್ಲಿಯವರೆಗೆ ನಡೆದು ಬಂದಿದ್ದೆ. ಕೇಳಿದಾಗ ಖುಷಿಯಾಗಲಿಲ್ಲ.

ಆಟೋದಲ್ಲಿ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತೆ. ಮಂಡಿಯವರೇ, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ನೀವು ಕೊಟ್ಟದ್ದನ್ನು ನಮ್ಮ ಸ್ವಂತದವರು ಯಾರೂ ಕೊಡಲಿಲ್ಲ. ಇವತ್ತು ಒಂದೇ ಒಂದು ಸಲ, ನೀವು ಇಲ್ಲದ ಹಾಗೆ ನಡೆಯುತ್ತೇನೆ, ತಪ್ಪು ತಿಳಿಯಬೇಡಿ.

ಮನೆಯ ಮುಂದೆ ಇಳಿದೆ. ಸುಟ್ಟ ವಾಸನೆ ಇರಲಿಲ್ಲ, ಹೊಗೆ ಇರಲಿಲ್ಲ. ದೀಪ ಎಣ್ಣೆ ಮುಗಿದು ತಾನೇ ಆರಿರಬೇಕು. ಅವಸರವೇನೂ ಉಳಿದಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಕಂಬಿ ಹಿಡಿದೆ. ರಮ್ಯಳ ಮಾತು ನೆನಪಿತ್ತು, ಬೇಕು ಅಂತ ಒಂದು ಹೆಜ್ಜೆಯೂ ಕುಂಟಬಾರದು.

ಎಡಗಾಲು ಊರಿದೆ, ಬಲಗಾಲು ಎಳೆದುಕೊಂಡೆ. ಮೊದಲ ಒಂದೆರಡು ಮೆಟ್ಟಿಲು ಸರಿಯಾಗಿ ಬರಲಿಲ್ಲ, ನಾಟಕದ ಕುಂಟರ ಹಾಗೆ ಆಯಿತು. ವಾಪಸ್ ಇಳಿದು ಮೊದಲಿಂದ ಶುರುಮಾಡಿದೆ. ಆಮೇಲೆ ಬಂತು. ಧಪ್, ಸರ್. ಧಪ್, ಸರ್. ಮೊದಲನೇ ಮಹಡಿ ತಲುಪಿದಾಗ ಇನ್ನೂ ಸ್ವಲ್ಪ ಜೋರಾಗಿ ಊರಿದೆ. ಮೇಲೆ ಇಂಚರಾ ಬಾಗಿಲು ತೆಗೆದು ಕೆಳಗೆ ಇಣುಕಿದಳು.

"ಅಯ್ಯೋ ಆಂಟಿ, ಕಾಲು ನೋವಾಯ್ತಾ? ಆಟೋ ಬುಕ್ ಮಾಡ್ತೀನಿ ಅಂದ್ನಲ್ಲ."

"ಇಲ್ಲಮ್ಮಾ, ಏನೂ ನೋವಿಲ್ಲ" ಅಂದೆ. ಅವಳು ಒಳಗೆ ಹೋಗುವವರೆಗೆ ಕಾದು, ಉಳಿದ ಮೆಟ್ಟಿಲುಗಳನ್ನೂ ಹಾಗೆಯೇ ಹತ್ತಿದೆ.

ಬಾಗಿಲ ಮುಂದೆ ಬಂದು ನಿಂತೆ. ಕೆಮ್ಮಲಿಲ್ಲ, ತಟ್ಟಲಿಲ್ಲ, ಬೆಲ್ ಒತ್ತಲಿಲ್ಲ. ಅಮ್ಮ ಇದ್ದಾಗ ಎಷ್ಟು ಹೊತ್ತು ನಿಲ್ಲುತ್ತಿದ್ದೆನೋ ಅಷ್ಟು ಹೊತ್ತು ನಿಂತೆ, ಅದಕ್ಕಿಂತ ಇನ್ನೂ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಕೀ ಹಾಕಿ ನಾನೇ ತೆಗೆದೆ.